ಕೊಪ್ಪ ಸೇತುವೆಯಾಚೆಯ 3,000 ಎಕರೆ: ನಿರಾಶ್ರಿತರ ಪಾಲು ಯಾವ ದೇಶಕ್ಕೆ ಎಷ್ಟು?

ಮೇಷ್ಟ್ರು, ಕುಶಾಲನಗರ

ಹೋದ ಭಾನುವಾರ ಕೊಪ್ಪದ ಸೇತುವೆ ದಾಟಿ ಟಿಬೆಟನ್ ನಿರಾಶ್ರಿತರ ನೆಲೆಯಾದ ಬೈಲುಕುಪ್ಪೆಗೆ ಹೋಗಿದ್ದೆ. ಅಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರಿದ್ದಾರೆ. ನನಗಿಂತ ಆರೇಳು ವರ್ಷ ದೊಡ್ಡವರು. ಟಿಬೆಟ್‌ನಿಂದ ಬರುವಾಗ ಅಮ್ಮನ ಬೆನ್ನಿಗೆ ಕಟ್ಟಿಸಿಕೊಂಡಿದ್ದ ಮಗು. ಈಗ ಪಿರಿಯಾಪಟ್ಟಣದ ಕಡೆಯವರ ಹಾಗೇ ಕನ್ನಡ ಮಾತಾಡುತ್ತಾರೆ.

ಚಹಾ ಕುಡಿಯುತ್ತಾ ತಮ್ಮ ಆರ್‌.ಸಿ. ಪುಸ್ತಕ, ಅಂದರೆ ಟಿಬೆಟನ್ನರು ಇಲ್ಲಿರಲು ಸರ್ಕಾರ ಕೊಡುವ ನೋಂದಣಿ ಪುಸ್ತಕ, ತಂದು ಮೇಜಿನ ಮೇಲಿಟ್ಟರು. ಅದರ ಮೂಲೆಗಳು ಸವೆದಿವೆ. ಪ್ಲಾಸ್ಟಿಕ್ ಕವರ್ ಹಾಕಿ ಜೋಪಾನವಾಗಿ ಇಟ್ಟಿದ್ದಾರೆ. ಒಳಗೆ ಪುಟ ಪುಟಕ್ಕೂ ನವೀಕರಣದ ಸೀಲು, ತಾರೀಕು, ಸಹಿ. "ಇದು ನನ್ನ ದೇಶ ಮೇಷ್ಟ್ರೇ, ಇಷ್ಟೇ ದಪ್ಪ" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಅವರ ಅಣ್ಣ ಸ್ವಿಟ್ಜರ್ಲೆಂಡಿನಲ್ಲಿದ್ದಾರೆ. 1963ರಲ್ಲಿ ಆ ದೇಶದ ಸರ್ಕಾರ 1,000 ಟಿಬೆಟನ್ನರನ್ನು ಕರೆಸಿಕೊಳ್ಳಲು ಒಪ್ಪಿತ್ತು. ಆ ಸಾವಿರದಲ್ಲಿ ಇವರಣ್ಣ ಒಬ್ಬರು. ಅಕ್ಕ ಅಮೆರಿಕದಲ್ಲಿದ್ದಾರೆ. ಅಲ್ಲಿ 1990ರ ಒಂದು ಕಾನೂನಿನಲ್ಲಿ ಟಿಬೆಟನ್ನರಿಗೆಂದೇ 1,000 ವೀಸಾ ಎತ್ತಿಟ್ಟಿದ್ದರು. ಅದರಲ್ಲಿ ಅಕ್ಕನ ಹೆಸರು ಬಂತು. ಇವರು ಮಾತ್ರ ಬೈಲುಕುಪ್ಪೆಯಲ್ಲೇ ಉಳಿದರು. ಮೂವರೂ ಒಂದೇ ತಾಯಿಯ ಮಕ್ಕಳು, ಒಂದೇ ಸಲ ಮನೆ ಬಿಟ್ಟವರು. ಅಣ್ಣ, ಅಕ್ಕ ಇಬ್ಬರೂ ಅಲ್ಲಿನ ಪೌರರಾಗಿದ್ದಾರೆ. ಇವರ ಕೈಯಲ್ಲಿ ಇನ್ನೂ ಆರ್‌.ಸಿ.

ಮನೆಗೆ ಬಂದ ಮೇಲೂ ಇದೇ ತಲೆಯಲ್ಲಿ ಸುತ್ತುತ್ತಿದೆ. ಯಾವ ದೇಶ ಎಷ್ಟು ಜನರನ್ನು ತೆಗೆದುಕೊಳ್ಳಬೇಕು ಅಂತ ಯಾರು ತೀರ್ಮಾನ ಮಾಡುತ್ತಾರೆ? ಅಮೆರಿಕದ ಲೆಕ್ಕ ನೋಡಿ. 2024ರ ಹಣಕಾಸು ವರ್ಷದಲ್ಲಿ ಅವರು 1 ಲಕ್ಷಕ್ಕೂ ಸ್ವಲ್ಪ ಜಾಸ್ತಿ ನಿರಾಶ್ರಿತರನ್ನು ಕರೆಸಿಕೊಂಡರು. 2025ರ ಜನವರಿಯಲ್ಲಿ ಹೊಸ ಅಧ್ಯಕ್ಷರು ಬಂದ ದಿನವೇ ನಿಲ್ಲಿಸುವ ಆದೇಶ ಹೊರಟಿತು. 2026ಕ್ಕೆ ಇಟ್ಟಿರುವ ಮಿತಿ 7,500. ಹಿಂದಿನ ವರ್ಷದ ಮಿತಿ 1,25,000 ಇತ್ತು. ಒಂದು ಸಹಿಯಲ್ಲಿ ಇಷ್ಟು ವ್ಯತ್ಯಾಸ. ಎಲ್ಲ ತಪಾಸಣೆ ಮುಗಿದು, ಟಿಕೆಟ್ ಕೈಗೆ ಬಂದು, ಇದ್ದಬದ್ದ ಸಾಮಾನು ಮಾರಿಕೊಂಡು ಕೂತಿದ್ದವರು ಅಲ್ಲಲ್ಲೇ ಉಳಿದರು.

ಕೊಟ್ಟ ಮಾತನ್ನು ಹೀಗೆ ವಾಪಸ್ ತೆಗೆದುಕೊಳ್ಳಬಹುದು ಅಂತಾದರೆ ಅದನ್ನು ಮಾತು ಅನ್ನಬೇಕಾ? ನಿಮ್ಮ ಅನಿಸಿಕೆ ಹೇಳಿ. ನಿರಾಶ್ರಿತರ ಪಕ್ಕದಲ್ಲೇ ಅರುವತ್ತು ವರ್ಷ ಬಾಳಿದವರು ನಾವು. ಈ ಬಗ್ಗೆ ಮಾತಾಡಲು ನಮಗೆ ಹಕ್ಕಿದೆ.

ತೋಟದವ, ಗೋಣಿಕೊಪ್ಪ

ಮೇಷ್ಟ್ರೇ, ನಿಮ್ಮ ಸ್ನೇಹಿತರ ಬಗ್ಗೆ ನನಗೆ ಗೌರವ ಇದೆ. ಆದರೆ ಬೇರೆಯವರ ಪಾಲಿನ ಮಾತಿಗೆ ಮೊದಲು ನಮ್ಮವರ ಕಡೆ ನೋಡೋಣ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತು ಹಾಕಿದಾಗ ಆ ಮಕ್ಕಳು ಚಳಿಯಲ್ಲಿ ಮರದ ಕೆಳಗೆ ಮಲಗಿದ್ದರು. ನಾನು ಕಣ್ಣಾರೆ ನೋಡಿದ್ದೇನೆ. ಅವರಿಗೆ ಬ್ಯಾಡಗೊಟ್ಟ, ಬಸವನಹಳ್ಳಿಯಲ್ಲಿ ಜಾಗ ಸಿಗಲು ಎಷ್ಟು ಹೋರಾಟ ಬೇಕಾಯ್ತು? ಇಡೀ ಕೊಡಗಿನ ಜನಸಂಖ್ಯೆ 2011ರ ಜನಗಣತಿಯಲ್ಲಿ ಐದೂವರೆ ಲಕ್ಷ. ಅಷ್ಟು ಜನರಿಗೇ ನೆಲ ಸಾಲುತ್ತಿಲ್ಲ. ಒಂದು ಕಡೆ ಕಾಡು, ಇನ್ನೊಂದು ಕಡೆ ತೋಟ, ನಡುವೆ ಆನೆ.

ಇನ್ನೊಂದು ಮಾತು. ನಮ್ಮ ತೋಟದ ಆಳುಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದವರೇ ಜಾಸ್ತಿ. ಅವರಲ್ಲಿ ಯಾರು ಎಲ್ಲಿಯವರು ಅಂತ ನಮಗೆ ಗೊತ್ತಾಗುವುದಿಲ್ಲ. ಊರಿನಲ್ಲಿ ಜನರಿಗೆ ಭಯ ಇದೆ. ಅದನ್ನು ಸುಮ್ನೆ ತಳ್ಳಿಹಾಕಬೇಡಿ.

ಸಂಪಾಜೆ ಅಕ್ಕ

ಗೋಣಿಕೊಪ್ಪದ ಅಣ್ಣ ಹೇಳಿದ ದಿಡ್ಡಳ್ಳಿ ಮಾತು ಸತ್ಯ. ಅದಕ್ಕೆ ಎದುರು ಹೇಳುವುದಿಲ್ಲ. ಎರಡು ದೇಶಗಳು ಕೂತು ಜನರನ್ನು ಲೆಕ್ಕ ಹಾಕಿ ಹಂಚಿಕೊಂಡ ಒಂದು ಕತೆ ನಮ್ಮ ಘಾಟಿಯ ಕೆಳಗೇ ಇದೆ. ಅದನ್ನು ಹೇಳುತ್ತೇನೆ.

ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ತಮಿಳು ಮಾತಾಡುವ ಕುಟುಂಬಗಳಿವೆ ಅಲ್ವಾ? ಸಿಲೋನಿನವರು ಅಂತ ಕರೆಯುತ್ತೇವೆ. ಅವರ ಅಜ್ಜ, ಮುತ್ತಜ್ಜಂದಿರನ್ನು ಬ್ರಿಟಿಷರು ಟೀ ತೋಟದ ಕೆಲಸಕ್ಕೆ ಲಂಕೆಗೆ ಕರೆದುಕೊಂಡು ಹೋಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಲಂಕೆ ಅವರನ್ನು ತನ್ನ ಪೌರರು ಅನ್ನಲಿಲ್ಲ. ಭಾರತವೂ ಅನ್ನಲಿಲ್ಲ. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಿಕೆ ಒಂದು ಒಪ್ಪಂದ ಮಾಡಿಕೊಂಡರು. ಒಟ್ಟು 9,75,000 ಜನ. 5,25,000 ಭಾರತಕ್ಕೆ, 3,00,000 ಲಂಕೆಗೆ. ಉಳಿದ ಒಂದೂವರೆ ಲಕ್ಷದ ಮಾತು ಆಮೇಲೆ ನೋಡೋಣ ಅಂತ ಬಿಟ್ಟರು. 1974ರಲ್ಲಿ ಇಂದಿರಾ ಗಾಂಧಿ ಕಾಲದಲ್ಲಿ ಅದನ್ನೂ 75,000, 75,000 ಅಂತ ಸರಿಸಮ ಹಂಚಿಕೊಂಡರು.

ನಮ್ಮ ಮನೆ ಹತ್ತಿರ ಟ್ಯಾಪಿಂಗಿಗೆ ಬರುತ್ತಿದ್ದ ಒಬ್ಬ ಅಜ್ಜಿ ಇದ್ದರು. ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಡುತ್ತಿದ್ದರು. ಮರದ ಸಿಪ್ಪೆ ಕೆತ್ತಿ, ಗೆರಟೆ ಸರಿ ಮಾಡಿ, ಮುಂದಿನ ಮರಕ್ಕೆ ಹೋಗುತ್ತಾ ಮಾತಾಡುತ್ತಿದ್ದರು. "ನನ್ನನ್ನು ಇಲ್ಲಿಯ ಲೆಕ್ಕಕ್ಕೆ ಹಾಕಿದರು, ನನ್ನ ತಮ್ಮನನ್ನು ಅಲ್ಲಿಯ ಲೆಕ್ಕಕ್ಕೆ" ಅಂತ ಒಮ್ಮೆ ಹೇಳಿದ್ದರು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲೇ ಇಲ್ಲ.

ಹಾಗಾಗಿ ಮೇಷ್ಟ್ರೇ, ದೇಶಗಳು ಲೆಕ್ಕ ಹಾಕಿ ಹಂಚಿಕೊಳ್ಳಬೇಕು, ಸರಿ. ಆದರೆ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಅದೂ ನೆನಪಿರಲಿ.

ವಕೀಲ, ಮಡಿಕೇರಿ

ಸಂಪಾಜೆ ಅಕ್ಕನ ಮಾತು ಬಹಳ ಮುಖ್ಯ. ಮೇಷ್ಟ್ರು ಕೇಳಿದ ಪ್ರಶ್ನೆಗೆ ನನಗೆ ತಿಳಿದ ಮಟ್ಟಿಗೆ ಉತ್ತರ ಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ನಿರಾಶ್ರಿತರ ಬಗ್ಗೆ ಇರುವ ಮುಖ್ಯ ಅಂತರರಾಷ್ಟ್ರೀಯ ಒಪ್ಪಂದ 1951ರದ್ದು. 1967ರಲ್ಲಿ ಅದನ್ನು ವಿಸ್ತರಿಸಿದರು. ಅದರ ಅತಿ ಮುಖ್ಯ ನಿಯಮ ಇದು. ಜೀವಭಯದಿಂದ ಓಡಿ ಬಂದವರನ್ನು ಅದೇ ಅಪಾಯದ ಬಾಯಿಗೆ ವಾಪಸ್ ತಳ್ಳಬಾರದು. ಸಹಿ ಹಾಕಿದ ದೇಶಗಳು ಇದನ್ನು ಪಾಲಿಸಲೇಬೇಕು. ಆದರೆ ಹೊರೆ ಹಂಚಿಕೊಳ್ಳಬೇಕು ಅನ್ನುವ ಮಾತು? ಅದು ಪೀಠಿಕೆಯಲ್ಲಿ ಮಾತ್ರ ಇದೆ. ಕೆಲವು ದೇಶಗಳ ಮೇಲೆ ವಿಪರೀತ ಭಾರ ಬೀಳಬಹುದು, ಸಹಕಾರ ಇಲ್ಲದೆ ಪರಿಹಾರ ಸಿಗದು ಅಂತ ಹೇಳಿ ಬಿಟ್ಟಿದ್ದಾರೆ. ಯಾರು ಎಷ್ಟು ಅಂತ ಹೇಳುವ ಕಲಮು ಎಲ್ಲೂ ಇಲ್ಲ.

ಇದರ ಅರ್ಥ ಏನು ಅಂದರೆ, ಯಾರ ಗಡಿ ಹತ್ತಿರವೋ ಅವರ ಹೆಗಲಿಗೇ ಭಾರ. 2024ರ ಕೊನೆಗೆ ವಿಶ್ವಸಂಸ್ಥೆ ಕೊಟ್ಟ ಲೆಕ್ಕದಲ್ಲಿ ಮನೆ ಮಠ ಬಿಟ್ಟು ಓಡಿದವರು 12.3 ಕೋಟಿ. ಇದರಲ್ಲಿ ತಮ್ಮ ದೇಶದೊಳಗೇ ದಿಕ್ಕಾಪಾಲಾದವರೂ ಸೇರಿದ್ದಾರೆ. ಗಡಿ ದಾಟಿದವರಲ್ಲಿ ಮೂರನೇ ಎರಡು ಭಾಗ ಪಕ್ಕದ ದೇಶದಲ್ಲೇ ಇದ್ದಾರೆ. ಶೇ. 73 ಜನರನ್ನು ಸಾಕುತ್ತಿರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳು. ಬಾಂಗ್ಲಾದೇಶದ ಕಾಕ್ಸ್ ಬಜಾರ್ ಒಂದರಲ್ಲೇ ಮ್ಯಾನ್ಮಾರ್‌ನಿಂದ ಓಡಿ ಬಂದ ಸುಮಾರು 10 ಲಕ್ಷ ರೋಹಿಂಗ್ಯಾಗಳಿದ್ದಾರೆ. ಗೋಣಿಕೊಪ್ಪದವರು ಕೊಡಗಿನ ಲೆಕ್ಕ ಕೊಟ್ಟರಲ್ಲ, ಅದರ ಹೆಚ್ಚುಕಡಿಮೆ ಎರಡರಷ್ಟು ಜನ ನಮ್ಮ ಒಂದು ಹೋಬಳಿಯಷ್ಟು ಜಾಗದಲ್ಲಿ ಬಿದಿರು, ಟಾರ್ಪಾಲಿನ ಕೆಳಗೆ.

ಮೂರನೇ ದೇಶಕ್ಕೆ ಕರೆಸಿಕೊಂಡು ನೆಲೆ ಕೊಡುವುದಕ್ಕೆ ಪುನರ್ವಸತಿ ಅನ್ನುತ್ತಾರೆ. ಇದು ಯಾವ ದೇಶಕ್ಕೂ ಕಡ್ಡಾಯವಲ್ಲ, ಪೂರ್ತಿ ಅವರವರ ಇಷ್ಟ. 2025ರಲ್ಲಿ 29 ಲಕ್ಷ ಜನರಿಗೆ ಇದು ಬೇಕಾಗುತ್ತದೆ ಅಂತ ವಿಶ್ವಸಂಸ್ಥೆ ಅಂದಾಜು ಮಾಡಿತ್ತು. 2024ರಲ್ಲಿ ನಿಜವಾಗಿ ಹೋದವರು 1.9 ಲಕ್ಷದ ಹತ್ತಿರ.

ಯುರೋಪಿನವರು ಕಡ್ಡಾಯ ಮಾಡಲು ನೋಡಿದರು. 2015ರಲ್ಲಿ ಗ್ರೀಸ್, ಇಟಲಿಗೆ ಬಂದಿಳಿದವರಲ್ಲಿ 1,60,000 ಜನರನ್ನು ಉಳಿದ ದೇಶಗಳು ಹಂಚಿಕೊಳ್ಳಬೇಕು ಅಂತ ತೀರ್ಮಾನ ಆಯಿತು. ಕೊನೆಗೆ ಹಂಚಿಕೆಯಾದವರು ಸುಮಾರು 35,000. ಪೋಲೆಂಡ್, ಹಂಗೇರಿ, ಚೆಕ್ ಗಣರಾಜ್ಯ ಕಾನೂನು ಮುರಿದಿವೆ ಅಂತ 2020ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟದ್ದೇ ನ್ಯಾಯಾಲಯ ಹೇಳಿತು. ಅಷ್ಟು ಹೊತ್ತಿಗೆ ಯೋಜನೆಯೇ ಮುಗಿದಿತ್ತು. ಈಗ 2024ರ ಹೊಸ ಒಪ್ಪಂದದಲ್ಲಿ ದಾರಿ ಬದಲಿಸಿದ್ದಾರೆ. ಜನರನ್ನು ತೆಗೆದುಕೊಳ್ಳಿ, ಇಲ್ಲವೇ ತಲೆಗೆ 20,000 ಯೂರೋ ಕೊಡಿ, ಇಲ್ಲವೇ ಸಿಬ್ಬಂದಿ, ಸಲಕರಣೆ ಕೊಡಿ. ಮೂರರಲ್ಲಿ ಒಂದು ಆಗಲೇಬೇಕು.

ತೋಟದವ, ಗೋಣಿಕೊಪ್ಪ

ತಲೆಗೆ ಇಷ್ಟು ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುವುದಾ? ಇದು ಸರಿ ಅನಿಸುತ್ತಿಲ್ಲ ವಕೀಲರೇ.

ವಕೀಲ, ಮಡಿಕೇರಿ

ನನಗೂ ಸರಿ ಅನಿಸುವುದಿಲ್ಲ. ಆದರೆ ಏನೂ ಕೊಡದೆ ಕೂರುವುದಕ್ಕಿಂತ ಮೇಲು ಅಂತ ಒಪ್ಪುತ್ತೇನೆ. ಮನುಷ್ಯರಿಗೆ ದರ ಕಟ್ಟಿದ ಹಾಗಾಗುತ್ತದೆ ಅನ್ನುವ ಆಕ್ಷೇಪ ಅಲ್ಲಿನವರೂ ಎತ್ತಿದ್ದಾರೆ.

ಮಕ್ಕಂದೂರಿನವಳು

ನಾನು ಇಲ್ಲಿ ಯಾವಾಗಲೂ ಓದುವವಳು, ಬರೆಯುವವಳಲ್ಲ. ಇವತ್ತು ಬರೆಯಬೇಕು ಅನಿಸಿತು.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಮ್ಮ ಮನೆ ಹೋಯಿತು. ತೋಟದ ಅರ್ಧ ಹೋಯಿತು. ಆ ರಾತ್ರಿ ಅಪ್ಪ ದನದ ಹಗ್ಗ ಬಿಚ್ಚಿ ಬಿಟ್ಟರು. ನಾವು ಉಟ್ಟ ಬಟ್ಟೆಯಲ್ಲಿ ನಡೆದೆವು. ಪರಿಹಾರ ಕೇಂದ್ರದಲ್ಲಿ ಜಮಖಾನ ಹಾಸಿಕೊಂಡು ಮಲಗಿದೆವು. ಊಟಕ್ಕೆ, ಬಟ್ಟೆಗೆ ಕೊರತೆ ಆಗಲಿಲ್ಲ. ಎಲ್ಲೆಲ್ಲಿಂದಲೋ ಲಾರಿ ತುಂಬ ಬಂತು. ಅದನ್ನು ಸಾಯುವವರೆಗೂ ಮರೆಯುವುದಿಲ್ಲ.

ಕಷ್ಟ ಆಗಿದ್ದು ಆಮೇಲೆ. "ಜಾಗ ಗುರುತಿಸಿದ್ದೇವೆ" ಅನ್ನುವ ಮಾತು ಎಷ್ಟು ಸಲ ಕೇಳಿದೆವೋ. ಪಟ್ಟಿ ಹಾಕುತ್ತಿದ್ದರು. ಅಮ್ಮನಿಗೆ ಓದಲು ಬರುವುದಿಲ್ಲ. ಆದರೂ ನೋಟಿಸ್ ಬೋರ್ಡಿನ ಮುಂದೆ ನಿಂತು ಸಾಲಿನ ಮೇಲೆ ಬೆರಳು ಓಡಿಸುತ್ತಿದ್ದಳು. ನಾನು ಹಿಂದೆ ನಿಂತು "ಇಲ್ಲ ಅಮ್ಮ" ಅನ್ನುತ್ತಿದ್ದೆ. ಒಂದು ಪಟ್ಟಿಯಲ್ಲಿ ಹೆಸರು ಬಂದು ಮುಂದಿನ ಪಟ್ಟಿಯಲ್ಲಿ ಮಾಯವಾಗಿತ್ತು. ಆ ದಿನ ಅಮ್ಮ ಊಟ ಮಾಡಲಿಲ್ಲ. ಮನೆ ಕೈಗೆ ಬರುವಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆದಿತ್ತು. ಒಳ್ಳೆಯ ಮನೆಯೇ ಕೊಟ್ಟರು. ತೋಟಕ್ಕೆ ದೂರ, ಅಷ್ಟೇ.

ಪೇಪರಿನಲ್ಲಿ ನಮ್ಮನ್ನು ಸಂತ್ರಸ್ತರು ಅಂತ ಬರೆದರು. ಟಿಬೆಟ್‌ನವರನ್ನು ನಿರಾಶ್ರಿತರು ಅನ್ನುತ್ತಾರೆ. ಪದ ಬೇರೆ, ಪಟ್ಟಿಯ ಮುಂದೆ ನಿಲ್ಲುವುದು ಒಂದೇ. ಮೇಷ್ಟ್ರು ಬರೆದಿದ್ದಾರಲ್ಲ, ಟಿಕೆಟ್ ಕೈಗೆ ಬಂದ ಮೇಲೆ ನಿಂತವರು ಅಂತ. ಅವರ ಮನೆಯಲ್ಲೂ ಅವತ್ತು ಯಾರೋ ಊಟ ಬಿಟ್ಟಿರುತ್ತಾರೆ. ಕೊಡುವುದಿದ್ದರೆ ಕೊಡಲಿ. ಆಗದಿದ್ದರೆ ಮೊದಲೇ ಹೇಳಲಿ. ಹೆಸರು ಹಾಕಿ ತೆಗೆಯಬಾರದು.

ಮೇಷ್ಟ್ರು, ಕುಶಾಲನಗರ

ತಂಗೀ, ಇಷ್ಟು ಹೇಳಿಕೊಂಡಿದ್ದಕ್ಕೆ ನಿನಗೆ ನಮಸ್ಕಾರ. ಆ ಆಗಸ್ಟ್‌ನಲ್ಲಿ ಬೈಲುಕುಪ್ಪೆಯ ಸನ್ಯಾಸಿಗಳು ಅಕ್ಕಿ, ಕಂಬಳಿ ಹಿಡಿದುಕೊಂಡು ಸೇತುವೆ ದಾಟಿ ಬಂದದ್ದನ್ನು ನಾನು ನೋಡಿದ್ದೆ. ಬರೆಯುವಾಗ ನೆನಪಾಯಿತು.

ಗೋಣಿಕೊಪ್ಪದ ಸ್ನೇಹಿತರೇ, ನಿಮ್ಮ ಭಯ ತಳ್ಳಿಹಾಕುವುದಿಲ್ಲ. ಆದರೆ ಮೂರು ಬೇರೆ ಬೇರೆ ಜನರನ್ನು ಒಂದೇ ಚೀಲಕ್ಕೆ ತುಂಬಬೇಡಿ. ಅಸ್ಸಾಮಿನಿಂದ ಕೂಲಿಗೆ ಬಂದವನು ಈ ದೇಶದ ಪೌರ, ಎಲ್ಲಿ ಬೇಕಾದರೂ ದುಡಿಯಬಹುದು. ಕಾಗದವಿಲ್ಲದೆ ಗಡಿ ದಾಟಿದವನ ವಿಷಯ ಬೇರೆ, ಅದಕ್ಕೆ ಕಾನೂನಿದೆ. ಜೀವ ಉಳಿಸಿಕೊಳ್ಳಲು ಓಡಿ ಬಂದವನದು ಮತ್ತೂ ಬೇರೆ. ಪುನರ್ವಸತಿಗೆ ಆಯ್ಕೆಯಾದವರಷ್ಟು ತಪಾಸಣೆ ಇನ್ಯಾರಿಗೂ ಆಗುವುದಿಲ್ಲ. ಬೆರಳಚ್ಚು, ಕಣ್ಣು, ಸಂದರ್ಶನದ ಮೇಲೆ ಸಂದರ್ಶನ. ವರ್ಷಗಟ್ಟಲೆ ಹಿಡಿಯುತ್ತದೆ.

ನೆಲದ ಮಾತು. 1960ರಲ್ಲಿ ಮೈಸೂರು ರಾಜ್ಯವೂ ಶ್ರೀಮಂತವಾಗಿರಲಿಲ್ಲ. ನೆಹರೂ ರಾಜ್ಯಗಳನ್ನು ಕೇಳಿದ್ದರು. ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಎಷ್ಟು ಎಕರೆ, ಯಾವ ಊರು, ಯಾರಿಗೆ ಅಂತ ಖಚಿತವಾಗಿ ಹೇಳಿ ಕೊಟ್ಟ ನೆಲ ಅದು. ಅಲ್ಲಿ ಆಗ ಕಾಡು, ಆನೆ. ಬಂದವರು ಮರ ಕಡಿದು ಮುಸುಕಿನ ಜೋಳ ಹಾಕಿದರು. ಹೊರದೇಶಗಳ ಹಣ, ತಜ್ಞರು ಆಮೇಲೆ ಬಂದರು. ಮೈರಾಡ ಸಂಸ್ಥೆ ನಮಗೆಲ್ಲ ಗೊತ್ತು. 1968ರಲ್ಲಿ ಅದು ಹುಟ್ಟಿದ್ದೇ ಟಿಬೆಟನ್ನರ ಪುನರ್ವಸತಿಗೆ. ಅದರ ಇಂಗ್ಲಿಷ್ ಹೆಸರಿನಲ್ಲೇ ‘ರೀಸೆಟಲ್‌ಮೆಂಟ್’, ಅಂದರೆ ಪುನರ್ವಸತಿ, ಅಂತ ಇದೆ. ಆಮೇಲೆ ಅದೇ ಸಂಸ್ಥೆ ನಮ್ಮ ಹಳ್ಳಿಗಳ ಸ್ವಸಹಾಯ ಸಂಘಗಳಿಗೆ ದುಡಿಯಿತು. ಮುಂಡಗೋಡು, ಹುಣಸೂರು, ಒಡೆಯರಪಾಳ್ಯದಲ್ಲೂ ಹೀಗೇ ನೆಲ ಕೊಟ್ಟರು. ಸಿಂಧನೂರಿನ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದವರಿದ್ದಾರೆ.

ನಾನು ಹೇಳುವುದು ಇಷ್ಟು. ನಿಜವಾದ ಪಾಲು ಅಂದರೆ ಹೀಗಿರಬೇಕು. ಸಂಖ್ಯೆ ಇರಬೇಕು, ಜಾಗ ಇರಬೇಕು, ತಾರೀಕು ಇರಬೇಕು. ಯಾವ ಸರ್ಕಾರ ಬಂದರೂ ಅದು ನಿಲ್ಲಬೇಕು. ಸಭೆಯಲ್ಲಿ ನಾವು ಕೈ ಜೋಡಿಸುತ್ತೇವೆ ಅಂತ ಭಾಷಣ ಮಾಡುವುದು ಮೂಗಿಗೆ ತುಪ್ಪ ಸವರುವ ಕೆಲಸ.

ಕೊಡಗಿನವ, ಟೊರೊಂಟೊ

ಸೋಮವಾರಪೇಟೆಯವನು ನಾನು, ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ. ಇಲ್ಲಿನ ಒಂದು ಪದ್ಧತಿ ನಿಮಗೆ ಹೇಳಬೇಕು. ಕೆನಡಾದಲ್ಲಿ ಸರ್ಕಾರ ಮಾತ್ರವಲ್ಲ, ಸಾಮಾನ್ಯ ಜನರೂ ನಿರಾಶ್ರಿತರನ್ನು ಕರೆಸಬಹುದು. ಐದು ಜನ ಸೇರಿ ಅರ್ಜಿ ಹಾಕಬೇಕು. ಬಂದವರ ಮನೆ ಬಾಡಿಗೆ, ಊಟ, ಬಟ್ಟೆ, ಮಕ್ಕಳನ್ನು ಶಾಲೆಗೆ ಸೇರಿಸುವುದು, ಎಲ್ಲ ಒಂದು ವರ್ಷ ನಮ್ಮ ಜವಾಬ್ದಾರಿ. 1979, 80ರಲ್ಲಿ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್ ಕಡೆಯಿಂದ 60,000 ಜನ ಬಂದರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನರನ್ನು ಕರೆಸಿದ್ದು ಚರ್ಚುಗಳು, ನೆರೆಹೊರೆಯ ಗುಂಪುಗಳು.

ನಾವು ಐದು ಜನ ಒಂದು ಸಿರಿಯಾದ ಕುಟುಂಬಕ್ಕೆ ಹೀಗೆ ಮಾಡಿದೆವು. ವಿಮಾನ ನಿಲ್ದಾಣದಲ್ಲಿ ಐದು ಚಿಕ್ಕ ಕೋಟು ಹಿಡಿದುಕೊಂಡು ನಿಂತಿದ್ದೆವು. ಮಕ್ಕಳ ಅಳತೆ ಗೊತ್ತಿಲ್ಲದೆ ಅಂದಾಜಿನಲ್ಲಿ ತಂದದ್ದು. ಚಿಕ್ಕವನಿಗೆ ತೋಳು ಬಹಳ ಉದ್ದವಾಯಿತು. ಅವನ ಅಮ್ಮ ಅಲ್ಲೇ ಮಂಡಿಯೂರಿ ಕೂತು ತೋಳು ಮಡಚಿದರು. ಮಡಚಿ ಮಡಚಿ ಅವರ ಕೈ ನಡುಗುತ್ತಿತ್ತು. ನನ್ನ ಹೆಂಡತಿ ಅವರ ಕೈ ಹಿಡಿದುಕೊಂಡಳು. ಆ ಕುಟುಂಬ ಈಗ ನಮ್ಮ ಬೀದಿಯಿಂದ ಎರಡು ಬೀದಿ ಆಚೆ ಬೇಕರಿ ಇಟ್ಟಿದೆ.

ಈಗ ದುಃಖದ ಮಾತು. 2024ರ ನವೆಂಬರ್ ಕೊನೆಯಿಂದ ಇಂಥ ಐದು ಜನರ ಗುಂಪಿನ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ಇಲ್ಲಿ ನಿಲ್ಲಿಸಿದರು. ಹಳೆ ಅರ್ಜಿಗಳೇ ರಾಶಿ ಬಿದ್ದಿವೆ ಅಂತ ಕಾರಣ. ಜನರಿಗೆ ಮನಸ್ಸಿದ್ದರೂ ಬಾಗಿಲು ತೆರೆಯುವುದು ಸರ್ಕಾರದ ಕೈಯಲ್ಲೇ.

ಹಳೇ ಅಂಚೆಯವ, ಶನಿವಾರಸಂತೆ

ನನಗೆ ವಯಸ್ಸಾಗಿದೆ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. 1971ರಲ್ಲಿ ನಾನು ಅಂಚೆ ಇಲಾಖೆಗೆ ಹೊಸದಾಗಿ ಸೇರಿದ್ದೆ. ಆಗ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಬಂದರು. ಇಂದಿರಾ ಗಾಂಧಿ ದೇಶ ದೇಶ ಸುತ್ತಿ ಈ ಭಾರ ನಮ್ಮೊಬ್ಬರದಲ್ಲ ಅಂತ ಹೇಳಿದರು. ಬಂದ ಹಣ ಸಾಲಲಿಲ್ಲ.

ಆ ವರ್ಷ ನವೆಂಬರ್ 15ರಿಂದ ಪ್ರತಿ ಕಾಗದಕ್ಕೂ ಐದು ಪೈಸೆಯ ಇನ್ನೊಂದು ಅಂಚೆಚೀಟಿ ಹಚ್ಚಬೇಕು ಅಂತ ಆದೇಶ ಬಂತು. ಮೊದಲು ಬಂದದ್ದು ಕುಟುಂಬ ಯೋಜನೆಯ ಚೀಟಿ. ಅದರ ಮೇಲೆ ನಿರಾಶ್ರಿತರ ಪರಿಹಾರ ಅಂತ ಕಪ್ಪು ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಡಿಸೆಂಬರಿನಲ್ಲಿ ನಿರಾಶ್ರಿತರ ಚಿತ್ರದ ಬೇರೆ ಚೀಟಿಯೇ ಬಂತು. ತೋಟದ ಆಳುಗಳು ಊರಿಗೆ ಕಾಗದ ಹಾಕಲು ಬರುತ್ತಿದ್ದರು. ಐದು ಪೈಸೆ ಜಾಸ್ತಿ ಯಾಕೆ ಅಂತ ಕೇಳುತ್ತಿದ್ದರು. ಹೇಳಿದರೆ ಸೀರೆಯ ಸೆರಗಿನ ಗಂಟು ಬಿಚ್ಚಿ ನಾಣ್ಯ ತೆಗೆದು ಕೊಡುತ್ತಿದ್ದರು. ಬೇಡ ಅಂದವರು ನನಗೆ ನೆನಪಿಲ್ಲ. 1973ರ ಮಾರ್ಚ್‌ವರೆಗೆ ಇದು ನಡೆಯಿತು.

ಐದು ಪೈಸೆಯ ಪಾಲನ್ನು ಶನಿವಾರಸಂತೆಯ ಕೂಲಿ ಹೆಂಗಸು ಕೊಟ್ಟಿದ್ದಾಳೆ. ದೊಡ್ಡ ದೇಶಗಳು ಆಗುವುದಿಲ್ಲ ಅನ್ನುವಾಗ ನನಗೆ ಅವಳ ಸೆರಗಿನ ಗಂಟು ಕಣ್ಣ ಮುಂದೆ ಬರುತ್ತದೆ.

ಸಂಪಾಜೆ ಅಕ್ಕ

ಅಜ್ಜಾ, ಆ ಚೀಟಿ ನಿಮ್ಮ ಹತ್ತಿರ ಒಂದಾದರೂ ಇದ್ದರೆ ಫೋಟೋ ಹಾಕಲು ಮೊಮ್ಮಗಳಿಗೆ ಹೇಳಿ.

ವಕೀಲ, ಮಡಿಕೇರಿ

ಇನ್ನೊಂದು ಸಂಗತಿ ಸೇರಿಸಬೇಕು. ಸರಿಯಾಗಿ ಹಂಚಿಕೊಂಡ ಉದಾಹರಣೆಯೂ ಇದೆ. ಭೂತಾನ್‌ನಿಂದ ಹೊರಬಿದ್ದ ನೇಪಾಳಿ ಮಾತಾಡುವ ಜನ ನೇಪಾಳದ ಶಿಬಿರಗಳಲ್ಲಿ ಹದಿನೈದು ವರ್ಷಕ್ಕೂ ಮೇಲೆ ಕೊಳೆತರು. 2007ರಿಂದ ಎಂಟು ದೇಶಗಳು ಸೇರಿ 1,13,000ಕ್ಕೂ ಜಾಸ್ತಿ ಜನರನ್ನು ಕರೆಸಿಕೊಂಡವು. ಶಿಬಿರಗಳು ಬಹುಪಾಲು ಖಾಲಿಯಾದವು. ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ 2025ರಲ್ಲಿ ಅವರಲ್ಲೇ ಕೆಲವರನ್ನು ಅಮೆರಿಕ ಭೂತಾನ್‌ಗೆ ವಾಪಸ್ ಕಳಿಸಿತು. ಭೂತಾನ್ ಇಟ್ಟುಕೊಳ್ಳಲಿಲ್ಲ. ಕೆಲವರು ಮತ್ತೆ ನೇಪಾಳದ ಅದೇ ಶಿಬಿರಕ್ಕೆ ಬಂದು ಸೇರಿದರು.

ನಮ್ಮ ದೇಶದ ಮಾತೂ ಹೇಳಬೇಕು. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ. ಟಿಬೆಟನ್ನರಿಗೆ ಒಂದು ರೀತಿ, ಲಂಕೆಯ ತಮಿಳರಿಗೆ ಇನ್ನೊಂದು, ರೋಹಿಂಗ್ಯಾಗಳಿಗೆ ಮತ್ತೊಂದು. 2014ರಲ್ಲಿ ಟಿಬೆಟನ್ನರಿಗೆ ಒಂದು ಪುನರ್ವಸತಿ ನೀತಿ ಬಂತು. ಆದರೆ ನೀತಿಯನ್ನು ಯಾವಾಗ ಬೇಕಾದರೂ ಬದಲಿಸಬಹುದು, ಕಾನೂನಿನ ಹಾಗಲ್ಲ. ಬೇರೆ ದೇಶಕ್ಕೆ ಹೇಳುವ ಮೊದಲು ನಾವೂ ಇಷ್ಟನ್ನು ಬರೆದುಕೊಳ್ಳಬೇಕು.

ತೋಟದವ, ಗೋಣಿಕೊಪ್ಪ

ಎಲ್ಲ ಓದಿದೆ. ಮಕ್ಕಂದೂರಿನ ತಂಗಿ ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ನನ್ನ ಹೆಂಡತಿ ಕಣ್ಣೊರೆಸಿಕೊಂಡಳು.

ನನ್ನ ಮಾತು ಪೂರ್ತಿ ಬಿಡುವುದಿಲ್ಲ. ದಿಡ್ಡಳ್ಳಿಯವರಿಗೆ ನೆಲ ಮೊದಲು. ಆದರೆ ಒಂದು ಒಪ್ಪುತ್ತೇನೆ. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು? ಇವತ್ತು ಹೊರುತ್ತಿರುವುದು ಪಕ್ಕದ ಬಡ ದೇಶ. ನಮಗೆ ನೆಲ ಸಾಲುವುದಿಲ್ಲ ಅಂತ ನಾನು ಹೇಳಿದ ಮಾತನ್ನೇ ಕಾಕ್ಸ್ ಬಜಾರಿನ ರೈತನೂ ಹೇಳುತ್ತಿರಬೇಕು. ಅವನ ಗದ್ದೆಯ ಪಕ್ಕದಲ್ಲೇ ಹತ್ತು ಲಕ್ಷ ಜನ. ದುಡ್ಡಿರುವ ದೇಶಗಳು ಅವನ ಮುಖ ನೋಡಿ ಪಾಲು ಬರೆಯಬೇಕು.

ಮೇಷ್ಟ್ರೇ, ಒಂದು ಪ್ರಶ್ನೆ. ನಿಮ್ಮ ಸ್ನೇಹಿತರಿಗೆ ಈಗಲೂ ಅಣ್ಣನ ಹತ್ತಿರ ಹೋಗುವ ಆಸೆ ಇದೆಯಾ?

ಮೇಷ್ಟ್ರು, ಕುಶಾಲನಗರ

ನಾನೂ ಅದನ್ನೇ ಕೇಳಿದ್ದೆ. ಒಮ್ಮೆ ಹೋಗಿ ನೋಡಿ ಬರುವ ಆಸೆ ಇದೆ, ಅಲ್ಲೇ ಇರಲು ಅಲ್ಲ ಅಂದರು. ಪ್ರಯಾಣಕ್ಕೆ ಬೇಕಾದ ಹಳದಿ ಪುಸ್ತಕಕ್ಕೆ ಅರ್ಜಿ ಹಾಕಿದ್ದಾರೆ. ಅಣ್ಣನಿಗೆ ಎಂಬತ್ತರ ಹತ್ತಿರ, ಕಾಲು ನೋವು, ಅವರು ಬರಲಾರರು. ಮುಂದಿನ ವಾರ ಅರ್ಜಿಯ ವಿಚಾರಣೆಗೆ ನಾನೂ ಜೊತೆಗೆ ಹೋಗುತ್ತೇನೆ. ಸ್ವಿಟ್ಜರ್ಲೆಂಡಿಗೆ ಸಾಸಿವೆ, ಒಣಮೆಣಸು ತೆಗೆದುಕೊಂಡು ಹೋಗಬಹುದಾ ಅಂತ ಕೇಳುತ್ತಿದ್ದರು. ಅಣ್ಣ ಬೈಲುಕುಪ್ಪೆಯ ಮೆಣಸು ಬೇಕು ಅಂದಿದ್ದಾರಂತೆ. ಟೊರೊಂಟೊದವರಿಗೆ ಅಥವಾ ಬೇರೆ ಯಾರಿಗಾದರೂ ಗೊತ್ತಿದ್ದರೆ ಇಲ್ಲೇ ತಿಳಿಸಿ.